ಟಾಟಾ ಯೋಜನೆಯಿಂದ ಕಳಚಿಹೋದ ಮೂರನೆಯ ವಿಭಾಗ

1898ರ ಡಿಸೆಂಬರ್ ಕೊನೆಯಲ್ಲಿ ಹೊಸ ವೈಸ್‌ರಾಯ್ ಲಾರ್ಡ್ ಕರ್ಜನ್ ಮುಂಬಯಿ ಬಂದರಿನಲ್ಲಿ ಬಂದಿಳಿದರು. ಅಧಿಕಾರ ವಹಿಸಿಕೊಳ್ಳಲು ಅವರಿನ್ನೂ ಕಲ್ಕತ್ತೆ ಸೇರಿರಲಿಲ್ಲ. ಅಷ್ಟರಲ್ಲೇ, ಡಿಸೆಂಬರ್ 31ರಂದು, ಮುಂಬಯಿ ವಿಶ್ವವಿದ್ಯಾಲಯದ ಉಪಕುಲಪತಿ ನ್ಯಾಯಮೂರ್ತಿ ಕ್ಯಾಂಡಿ ಅವರ ನೇತೃತ್ವದ ನಿಯೋಗವೊಂದು ಅವರನ್ನು ಕಂಡು ಒಂದು ಕರಡು ಯೋಜನೆಯನ್ನು ಮುಂದಿಟ್ಟಿತು. ಉದ್ಯಮಿ ಜಮ್ಷೆಟ್‌ಜಿ ನಸರ್ವಾನ್‌ಜಿ ಟಾಟಾ ತಮ್ಮ ಆಸ್ತಿಯ ದೊಡ್ಡ ಪಾಲನ್ನು, ಅಂದರೆ ವರ್ಷಕ್ಕೆ ಸುಮಾರು ಒಂದೂಕಾಲು ಲಕ್ಷ ರೂಪಾಯಿ ವರಮಾನ ತರುವ ಸ್ವತ್ತುಗಳನ್ನು, ಒಂದು ಸಂಶೋಧನಾ ವಿಶ್ವವಿದ್ಯಾಲಯಕ್ಕಾಗಿ ಬಿಟ್ಟುಕೊಡಲು ಮುಂದಾಗಿದ್ದರು. ಆ ವಿಶ್ವವಿದ್ಯಾಲಯ ಹೇಗಿರಬೇಕು ಎಂಬುದನ್ನು ಕರಡು ವಿವರಿಸಿತ್ತು. ಅದರಲ್ಲಿ ಮೂರು ವಿಭಾಗಗಳು. ಮೊದಲನೆಯದು ವಿಜ್ಞಾನ ಮತ್ತು ತಂತ್ರಜ್ಞಾನ. ಎರಡನೆಯದು ವೈದ್ಯಕೀಯ, ಎರಡು ವರ್ಷದ ಹಿಂದಷ್ಟೇ ಪ್ಲೇಗು ಹೊಕ್ಕಿದ್ದ ಮುಂಬಯಿಯಲ್ಲಿ ಅದರ ಅಗತ್ಯವನ್ನು ಯಾರಿಗೂ ವಿವರಿಸಬೇಕಾಗಿರಲಿಲ್ಲ. ಮೂರನೆಯದು ತತ್ವಶಾಸ್ತ್ರ ಮತ್ತು ಶಿಕ್ಷಣದ ವಿಭಾಗ. ಬೋಧನೆಯ ವಿಧಾನಗಳು, ನೀತಿಶಾಸ್ತ್ರ, ಮನಶ್ಶಾಸ್ತ್ರ, ಭಾರತದ ಇತಿಹಾಸ ಮತ್ತು ಪುರಾತತ್ವ, ಅರ್ಥಶಾಸ್ತ್ರ ಮತ್ತು ಸಂಖ್ಯಾಶಾಸ್ತ್ರ, ತೌಲನಿಕ ಭಾಷಾಶಾಸ್ತ್ರ ಇವೆಲ್ಲ ಆ ವಿಭಾಗಕ್ಕೆ ಸೇರಿದ್ದವು.

ಹದಿಮೂರು ವರ್ಷ ಕಳೆದು ಬೆಂಗಳೂರಿನಲ್ಲಿ ಆ ಸಂಸ್ಥೆ ಬಾಗಿಲು ತೆರೆದಾಗ ಮೂರನೆಯ ವಿಭಾಗ ಅಲ್ಲಿರಲಿಲ್ಲ. ಇಂದು ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್ ಎಂದು ಜಗತ್ತು ಬಲ್ಲ, ಹಳೆಯ ಬೆಂಗಳೂರಿಗರು ಇನ್ನೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಆ ಸಂಸ್ಥೆಯ ಚರಿತ್ರೆಯಲ್ಲಿ ಈ ಸಂಗತಿಗೆ ಸಾಮಾನ್ಯವಾಗಿ ಒಂದು ಸಾಲಿಗಿಂತ ಹೆಚ್ಚು ಜಾಗ ಸಿಗುವುದಿಲ್ಲ. ಆದರೆ ತಾಂತ್ರಿಕ ವಿದ್ಯೆಗೂ ಮೌಲ್ಯಗಳ ಬೋಧನೆಗೂ ನಮ್ಮಲ್ಲಿ ಬಿರುಕು ಬಿದ್ದದ್ದು ಹೇಗೆ ಎಂದು ತಿಳಿಯಬೇಕಾದರೆ ಈ ಒಂದು ಸಾಲಿನ ಹಿಂದೆ ಹೋಗಲೇಬೇಕು. ಹೋಗಿ ನೋಡಿದಾಗ ನನಗೆ ಕಾಣುವುದು ಇಷ್ಟು: ನೀತಿಶಾಸ್ತ್ರಕ್ಕೆ ತಂತ್ರಜ್ಞಾನದ ಪಕ್ಕದಲ್ಲಿ ಜಾಗವಿಲ್ಲ ಎಂದು ಯಾರೂ ವಾದಿಸಿ ಗೆದ್ದದ್ದಲ್ಲ. ಹಣ ಸಾಲದು, ಕೆಲಸ ಸಿಗದು ಎಂಬ ಲೆಕ್ಕಾಚಾರದಲ್ಲಿ ಅದನ್ನು ಕೈಬಿಟ್ಟರು. ಕಾಲ ಕಳೆದಂತೆ ನಾವು ಆ ಲೆಕ್ಕಾಚಾರವನ್ನೇ ಸಿದ್ಧಾಂತವೆಂದು ನಂಬಿದೆವು.

ಆ ಕಾಲದ ಉನ್ನತ ಶಿಕ್ಷಣದ ಸ್ಥಿತಿಯನ್ನು ಗಮನಿಸಿದರೆ ಕರಡಿನ ದಿಟ್ಟತನ ತಿಳಿಯುತ್ತದೆ. 1857ರಲ್ಲಿ ಕಲ್ಕತ್ತ, ಮುಂಬಯಿ, ಮದ್ರಾಸುಗಳಲ್ಲಿ ಹುಟ್ಟಿದ ವಿಶ್ವವಿದ್ಯಾಲಯಗಳು ಅಂದಿನ ಲಂಡನ್ ವಿಶ್ವವಿದ್ಯಾಲಯದ ಅಚ್ಚಿನಲ್ಲಿ ಎರಕಗೊಂಡವು. ಅವು ಪಾಠ ಹೇಳುತ್ತಿರಲಿಲ್ಲ, ಪರೀಕ್ಷೆ ನಡೆಸುತ್ತಿದ್ದವು. ಕಾಲೇಜುಗಳು ಓದಿಸುತ್ತಿದ್ದವು, ವಿಶ್ವವಿದ್ಯಾಲಯ ಪದವಿ ಹಂಚುತ್ತಿತ್ತು, ಪದವಿ ಪಡೆದವರು ಕಚೇರಿ ಕೋರ್ಟುಗಳ ಕಡೆ ಮುಖ ಮಾಡುತ್ತಿದ್ದರು. ಹೊಸ ಜ್ಞಾನವನ್ನು ಹುಟ್ಟಿಸುವ ಕೆಲಸ ಇವರ ಯಾರ ಪಾಲಿಗೂ ಬಂದಿರಲಿಲ್ಲ. ಟಾಟಾ ತಮ್ಮ ಆಪ್ತ, ಹಿಂದೆ ಕಾಲೇಜು ಅಧ್ಯಾಪಕರಾಗಿದ್ದ ಬುರ್ಜೋರ್‌ಜಿ ಪಾದಶಾ ಅವರನ್ನು ಯುರೋಪು ಅಮೆರಿಕಗಳ ವಿದ್ಯಾಸಂಸ್ಥೆಗಳನ್ನು ನೋಡಿ ಬರಲು ಕಳಿಸಿದರು. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ ಅವರ ಮನಸ್ಸಿಗೆ ಹಿಡಿಯಿತು. 1876ರಲ್ಲಿ ತೆರೆದ ಆ ವಿಶ್ವವಿದ್ಯಾಲಯ ಸಂಶೋಧನೆಯನ್ನೇ ತನ್ನ ಮೊದಲ ಕೆಲಸವೆಂದುಕೊಂಡಿತ್ತು. ಅದರ ಮೊದಲ ಪ್ರಾಧ್ಯಾಪಕರ ಸಾಲಿನಲ್ಲಿ ರಸಾಯನಶಾಸ್ತ್ರದ ರೆಮ್ಸನ್, ಭೌತಶಾಸ್ತ್ರದ ರೋಲೆಂಡ್, ಗಣಿತದ ಸಿಲ್ವೆಸ್ಟರ್ ಇದ್ದರು. ಅವರ ಜತೆಗೇ ಗ್ರೀಕ್ ವಿದ್ವಾಂಸ ಗಿಲ್ಡರ್‌ಸ್ಲೀವ್ ಕೂಡ ಇದ್ದರು. ಪ್ರಯೋಗಾಲಯವೂ ಪ್ರಾಚೀನ ಭಾಷೆಯ ಸೆಮಿನಾರೂ ಒಂದೇ ಶಿಸ್ತಿನ ಎರಡು ಕೋಣೆಗಳು ಎಂಬ ತಿಳಿವಳಿಕೆ ಅಲ್ಲಿತ್ತು. ಪಾದಶಾ ಹೊತ್ತು ತಂದದ್ದು ಆ ತಿಳಿವಳಿಕೆಯನ್ನು. ಮೂರನೆಯ ವಿಭಾಗ ಕರಡಿನೊಳಕ್ಕೆ ಅಲಂಕಾರಕ್ಕೆಂದು ಬಂದದ್ದಲ್ಲ ಎನ್ನಲು ಇದೊಂದು ಸಾಕ್ಷಿ.

ಇನ್ನೊಂದು ಸಾಕ್ಷಿ ಟಾಟಾ ಅವರ ಒಂದು ಕಾಗದ. 1893ರಲ್ಲಿ ಜಪಾನಿನಿಂದ ಅಮೆರಿಕದ ಕಡೆಗೆ ಹೊರಟ ಹಡಗಿನಲ್ಲಿ ಅವರಿಗೆ ಸ್ವಾಮಿ ವಿವೇಕಾನಂದರು ಸಹಪ್ರಯಾಣಿಕರಾಗಿದ್ದರು. ಐದು ವರ್ಷದ ಬಳಿಕ, 1898ರ ನವೆಂಬರ್ 23ರಂದು, ಆ ಪ್ರಯಾಣವನ್ನು ನೆನಪಿಸಿ ಟಾಟಾ ಸ್ವಾಮೀಜಿಗೆ ಬರೆದರು. ಈ ದೇಶದಲ್ಲಿ ಬೇರುಬಿಟ್ಟಿರುವ ವೈರಾಗ್ಯದ ಶಕ್ತಿಯನ್ನು ನಾಶಮಾಡದೆ ಉಪಯುಕ್ತ ದಾರಿಗೆ ತಿರುಗಿಸಬೇಕೆಂಬ ವಿವೇಕಾನಂದರ ಮಾತು ಅವರ ಮನಸ್ಸಿನಲ್ಲಿ ಉಳಿದಿತ್ತು. ಅಂಥ ಮನೋಧರ್ಮದವರು ಆಶ್ರಮಗಳಲ್ಲೋ ವಸತಿಗೃಹಗಳಲ್ಲೋ ಸರಳವಾಗಿ ಬದುಕುತ್ತ, ನಿಸರ್ಗ ವಿಜ್ಞಾನಕ್ಕೂ ಮಾನವಿಕ ವಿಜ್ಞಾನಕ್ಕೂ ಬಾಳನ್ನು ಮುಡಿಪಿಡುವಂತಾದರೆ ಆ ಶಕ್ತಿಗೆ ಅದಕ್ಕಿಂತ ಒಳ್ಳೆಯ ಬಳಕೆ ಇಲ್ಲ ಎಂಬುದು ಕಾಗದದ ಸಾರ. ಈ ಚಳವಳಿಯ ಮುಂದಾಳತ್ವ ವಹಿಸಿ, ಜನರನ್ನು ಬಡಿದೆಬ್ಬಿಸುವ ಕಿರುಹೊತ್ತಗೆಯೊಂದನ್ನು ಬರೆಯಿರಿ, ಅಚ್ಚಿನ ಖರ್ಚು ನನ್ನದು ಎಂದೂ ಕೇಳಿಕೊಂಡಿದ್ದರು. ಬೇಲೂರು ಮಠದ ಸ್ಥಾಪನೆಯಲ್ಲಿ ಮುಳುಗಿದ್ದ ವಿವೇಕಾನಂದರಿಗೆ ಆ ಹೊಣೆ ಹೊರಲಾಗಲಿಲ್ಲ. ಅವರ ಬಳಗದ ‘ಪ್ರಬುದ್ಧ ಭಾರತ’ ಪತ್ರಿಕೆಯ 1899ರ ಏಪ್ರಿಲ್ ಸಂಚಿಕೆ ಮಾತ್ರ ಯೋಜನೆಯನ್ನು ಮನಃಪೂರ್ವಕ ಬೆಂಬಲಿಸಿತು. ಹತ್ತಿ ಗಿರಣಿ ನಡೆಸಿದ, ಉಕ್ಕಿನ ಕಾರ್ಖಾನೆಗೆ ಜಾಗ ಹುಡುಕಿಸುತ್ತಿದ್ದ, ಬೆಂಗಳೂರಿನಲ್ಲಿ ರೇಷ್ಮೆ ಕೃಷಿಯ ಫಾರ್ಮ್ ಮಾಡಿಸಿದ ಒಬ್ಬ ಪಕ್ಕಾ ವ್ಯವಹಾರಸ್ಥರು ಈ ಕಾಗದ ಬರೆದದ್ದು ಎಂಬುದನ್ನು ನಾವು ಮರೆಯಬಾರದು. ಯಂತ್ರ, ಬಂಡವಾಳ, ಕೂಲಿ, ಲಾಭ ಇವುಗಳ ಒಳಗುಟ್ಟನ್ನೆಲ್ಲ ಬಲ್ಲ ಆ ಮನುಷ್ಯನಿಗೆ ವಿಜ್ಞಾನಿಯ ಜಾಣ್ಮೆಯಷ್ಟೇ ಅವನ ಮನೋಧರ್ಮವೂ ಮುಖ್ಯವಾಗಿ ಕಂಡಿತು.

ಕರ್ಜನ್ ಎತ್ತಿದ ಸಂದೇಹಗಳು ಎರಡು. ಇಂಥ ಉನ್ನತ ವ್ಯಾಸಂಗಕ್ಕೆ ಸಾಕಷ್ಟು ವಿದ್ಯಾರ್ಥಿಗಳು ಬರುವರೇ? ಬಂದು ಕಲಿತವರಿಗೆ ಉದ್ಯೋಗ ಎಲ್ಲಿದೆ? ಆಳುವವರ ಜಾಗದಿಂದ ನೋಡಿದರೆ ಇವು ಸಹಜ ಪ್ರಶ್ನೆಗಳೇ. ಆದರೆ ಅಂದಿನಿಂದ ಯೋಜನೆಯ ಭವಿಷ್ಯವನ್ನು ತೀರ್ಮಾನಿಸಿದ್ದು ಈ ಎರಡು ಅಳತೆಗೋಲುಗಳೇ. 1900ರ ಕೊನೆಗೆ ಲಂಡನ್ನಿನಿಂದ ಹೆಸರಾಂತ ರಸಾಯನಶಾಸ್ತ್ರಜ್ಞ ವಿಲಿಯಂ ರ‍್ಯಾಮ್ಸೆ ಬಂದು ದೇಶ ಸುತ್ತಿ, ಬೆಂಗಳೂರನ್ನು ಆರಿಸಿ, ಕೈಗಾರಿಕೆಗೆ ನೆರವಾಗುವ ವಿಜ್ಞಾನಕ್ಕೆ ಒತ್ತು ಕೊಟ್ಟು ವರದಿ ಬರೆದರು. ಅದೂ ದುಬಾರಿ ಎನಿಸಿ, ಮೆಲ್ಬೋರ್ನಿನ ಪ್ರೊಫೆಸರ್ ಮ್ಯಾಸನ್ ಮತ್ತು ರೂರ್ಕಿ ಎಂಜಿನಿಯರಿಂಗ್ ಕಾಲೇಜಿನ ಕರ್ನಲ್ ಕ್ಲಿಬ್ಬರ್ನ್ ಅವರಿಗೆ ಮರುಪರಿಶೀಲನೆಯ ಕೆಲಸ ಬಿತ್ತು. ಪ್ರತಿ ಸುತ್ತಿನಲ್ಲೂ ಯೋಜನೆ ಇಷ್ಟಿಷ್ಟು ಕಿರಿದಾಯಿತು. ವೈದ್ಯಕೀಯ ಹೋಯಿತು, ತತ್ವಶಾಸ್ತ್ರ ಮತ್ತು ಶಿಕ್ಷಣವೂ ಹೋದವು. 1904ರ ಮೇ ತಿಂಗಳಲ್ಲಿ ಜರ್ಮನಿಯಲ್ಲಿ ಟಾಟಾ ತೀರಿಕೊಂಡರು. ಸಂಸ್ಥೆಗೆ ತಮ್ಮ ಹೆಸರು ಬೇಡವೆಂದಿದ್ದ ಅವರು ಅದು ತಲೆಯೆತ್ತುವುದನ್ನು ಕಾಣಲೇ ಇಲ್ಲ. ಮಕ್ಕಳಾದ ದೊರಾಬ್ ಮತ್ತು ರತನ್ ತಂದೆಯ ಮಾತನ್ನು ನಡೆಸಿದರು.

ಇಲ್ಲಿ ಮೈಸೂರಿನ ಪಾತ್ರ ದೊಡ್ಡದು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲೇ ರಾಜಪ್ರತಿನಿಧಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರ ಸರ್ಕಾರ ಒಲವು ತೋರಿತ್ತು; ಮುಂದೆ ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ ಬೆಂಗಳೂರಿನ ಹೊರವಲಯದಲ್ಲಿ ಸುಮಾರು 371 ಎಕರೆ ನೆಲ, ಕಟ್ಟಡಗಳಿಗೆ ಐದು ಲಕ್ಷ ರೂಪಾಯಿ, ವರ್ಷವರ್ಷಕ್ಕೂ ಐವತ್ತು ಸಾವಿರ ರೂಪಾಯಿ ಕೊಟ್ಟಿತು. ಆ ಹಣ ಮೈಸೂರು ಸಂಸ್ಥಾನದ ಬೊಕ್ಕಸದಿಂದ ಬಂದದ್ದು. 1909ರ ಮೇ 27ರಂದು ಸಂಸ್ಥೆಗೆ ಕಾನೂನಿನ ಅಸ್ತಿತ್ವ ಕೊಟ್ಟ ಆಜ್ಞೆ ಹೊರಟಿತು. ಅದರ ಉದ್ದೇಶಗಳ ಪಟ್ಟಿಯನ್ನು ಗಮನವಿಟ್ಟು ಓದಬೇಕು. ಜ್ಞಾನದ ಎಲ್ಲ ಶಾಖೆಗಳಲ್ಲೂ ಉನ್ನತ ಬೋಧನೆ ಮತ್ತು ಮೂಲ ಸಂಶೋಧನೆ ನಡೆಸುವುದು, ವಿಶೇಷವಾಗಿ ಭಾರತದ ಭೌತಿಕ ಮತ್ತು ಔದ್ಯೋಗಿಕ ಏಳಿಗೆಗೆ ನೆರವಾಗುವ ಶಾಖೆಗಳಲ್ಲಿ, ಎಂಬುದು ಅದರ ಅರ್ಥ. ಎಲ್ಲ ಶಾಖೆಗಳು ಎಂಬ ಮಾತು ಉಳಿದುಕೊಂಡಿತ್ತು. ಅದನ್ನು ತೆಗೆದುಹಾಕುವ ವಾದವನ್ನು ಯಾರೂ ಗೆದ್ದಿರಲಿಲ್ಲ. 1911ರ ಜುಲೈ 24ರಂದು ತರಗತಿಗಳು ಶುರುವಾದಾಗ ಇದ್ದದ್ದು ಮಾತ್ರ ಸಾಮಾನ್ಯ ರಸಾಯನ, ಅನ್ವಯಿಕ ರಸಾಯನ ಮತ್ತು ವಿದ್ಯುತ್ ತಂತ್ರಜ್ಞಾನ. ರ‍್ಯಾಮ್ಸೆ ಜತೆಗೂಡಿ ನಿಯಾನ್, ಕ್ರಿಪ್ಟಾನ್, ಕ್ಸೆನಾನ್ ಅನಿಲಗಳನ್ನು ಕಂಡುಹಿಡಿದಿದ್ದ ಮಾರಿಸ್ ಟ್ರಾವರ್ಸ್ ಮೊದಲ ನಿರ್ದೇಶಕರು.

ಆರಂಭದ ವರ್ಷಗಳ ಸಾಧನೆಯನ್ನು ಕಡಿಮೆಯಾಗಿ ನೋಡುವ ಉದ್ದೇಶ ನನಗಿಲ್ಲ. ಶ್ರೀಗಂಧದ ಎಣ್ಣೆಯ ಕಥೆ ಅದಕ್ಕೆ ಸಾಕ್ಷಿ. ಮೈಸೂರಿನ ಕಾಡುಗಳ ಗಂಧದ ಮರ ಹರಾಜಾಗಿ, ಬಹುಪಾಲು ಜರ್ಮನಿಗೆ ಹೋಗಿ, ಅಲ್ಲಿ ಎಣ್ಣೆಯಾಗುತ್ತಿತ್ತು. 1914ರಲ್ಲಿ ಮಹಾಯುದ್ಧ ಶುರುವಾದದ್ದೇ ಕೊಳ್ಳುವವರಿಲ್ಲದೆ ಮರ ಗೋದಾಮಿನಲ್ಲಿ ಬಿತ್ತು. ಸಂಸ್ಥೆಯ ಪ್ರೊಫೆಸರ್ ಸಡ್‌ಬರೋ ಮತ್ತು ವಾಟ್ಸನ್ ಗಂಧದ ಚೇಗು ಬೇರುಗಳ ಪುಡಿಯ ಮೂಲಕ ಹಬೆ ಹಾಯಿಸಿ ಎಣ್ಣೆ ಬಟ್ಟಿಯಿಳಿಸುವ ಕ್ರಮವನ್ನು ಇಲ್ಲಿಯೇ ಹದಗೊಳಿಸಿದರು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಆ ಹೊತ್ತಿನಲ್ಲಿ ಪ್ರಯೋಗಾಲಯದ ಫಲ ಕಾರ್ಖಾನೆಯಾಗಲು ತಡವಾಗಲಿಲ್ಲ. 1916ರಲ್ಲಿ ಬೆಂಗಳೂರಿನಲ್ಲಿ, ಮರುವರ್ಷ ಮೈಸೂರಿನಲ್ಲಿ ಎಣ್ಣೆಯ ಕಾರ್ಖಾನೆ ಎದ್ದಿತು, 1918ರಲ್ಲಿ ಸಾಬೂನಿನ ಕಾರ್ಖಾನೆಯೂ ಬಂತು. ಮೈಸೂರ್ ಸ್ಯಾಂಡಲ್ ಸಾಬೂನು ಹಿಡಿದ ಪ್ರತಿ ಕನ್ನಡಿಗನ ಕೈಯಲ್ಲೂ ಆ ಸಂಶೋಧನೆಯ ಪರಿಮಳವಿದೆ. ಕರ್ಜನ್ ಕೇಳಿದ ಎರಡನೆಯ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿರಲಿಲ್ಲ.

ಹಾಗಿದ್ದರೂ ಸಂಸ್ಥೆಗೆ ನೆಮ್ಮದಿ ಇರಲಿಲ್ಲ. ಟ್ರಾವರ್ಸ್ ಭಿನ್ನಾಭಿಪ್ರಾಯಗಳ ನಡುವೆ 1914ರಲ್ಲಿ ಬಿಟ್ಟುಹೋದರು. 1921ರಲ್ಲಿ ಪೋಪ್ ಸಮಿತಿ, ಹತ್ತು ವರ್ಷದ ಬಳಿಕ ಸೆವೆಲ್ ಸಮಿತಿ, 1936ರಲ್ಲಿ ಇರ್ವಿನ್ ಸಮಿತಿ ಬಂದು ಸಂಸ್ಥೆಯ ನಡವಳಿಯನ್ನು ಪರಿಶೀಲಿಸಿದವು. ಶುದ್ಧ ಸಂಶೋಧನೆಯೇ, ಉದ್ಯಮಕ್ಕೆ ನೆರವೇ? ಯಾರ ಹಿತಕ್ಕಾಗಿ ಈ ಸಂಸ್ಥೆ? ಇದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಮತ್ತೆ ಮತ್ತೆ ಬಂತು. 1933ರಲ್ಲಿ ಮೊದಲ ಭಾರತೀಯ ನಿರ್ದೇಶಕರಾಗಿ ಬಂದ ಸಿ. ವಿ. ರಾಮನ್ ಭೌತಶಾಸ್ತ್ರವನ್ನು ಕಟ್ಟಲು ಹೊರಟರು. ಹಿಟ್ಲರನ ಜರ್ಮನಿಯಿಂದ ಹೊರಬಿದ್ದ ಮ್ಯಾಕ್ಸ್ ಬಾರ್ನ್ ಅವರನ್ನು 1935ರಲ್ಲಿ ಬೆಂಗಳೂರಿಗೆ ಕರೆತಂದರು. ಒಳಜಗಳ ಬೆಳೆದು, 1937ರಲ್ಲಿ ರಾಮನ್ ನಿರ್ದೇಶಕ ಸ್ಥಾನ ಬಿಟ್ಟು ಪ್ರಾಧ್ಯಾಪಕರಾಗಿ ಮಾತ್ರ ಉಳಿದರು. ಈ ಜಗಳಗಳಲ್ಲಿ ವ್ಯಕ್ತಿಗಳ ಸ್ವಭಾವ, ಜನಾಂಗದ ಅಹಂಕಾರ, ಹಣದ ಬಿಕ್ಕಟ್ಟು ಎಲ್ಲವೂ ಸೇರಿವೆ. ಎಲ್ಲವನ್ನೂ ಮೂರನೆಯ ವಿಭಾಗ ಇಲ್ಲದ್ದಕ್ಕೆ ತಗಲಿಹಾಕುವುದು ಅನ್ಯಾಯ. ಆದರೆ ಒಂದು ಮಾತು ಹೇಳಬಹುದು. ಜ್ಞಾನ ಯಾವುದಕ್ಕಾಗಿ ಎಂಬ ಪ್ರಶ್ನೆಯನ್ನು ಓದಿ, ಚರ್ಚಿಸಿ, ಬರೆಯುವ ವಿದ್ವಾಂಸರಿಗೆ ಸಂಸ್ಥೆಯೊಳಗೆ ಜಾಗವಿಲ್ಲದ್ದರಿಂದ ಆ ಪ್ರಶ್ನೆ ಆಡಳಿತ ಮಂಡಳಿಯ ಮೇಜಿನ ಮೇಲೆ, ಅಧಿಕಾರದ ತಕರಾರಾಗಿ ಇತ್ಯರ್ಥವಾಗಬೇಕಾಯಿತು. ಅಲ್ಲಿ ಗೆಲ್ಲುವುದು ಯಾವಾಗಲೂ ಬಹುಮತ, ತಿಳಿವಳಿಕೆ ಬೆಳೆಯುವುದಿಲ್ಲ.

ಎಲ್ಲವನ್ನೂ ಮಾಡಹೊರಟಿದ್ದರೆ ಯಾವುದೂ ನೆಟ್ಟಗಾಗುತ್ತಿರಲಿಲ್ಲ, ಇದ್ದ ಅಲ್ಪ ಹಣವನ್ನು ಮೂರು ವಿಷಯಗಳಿಗೆ ಸುರಿದದ್ದರಿಂದಲೇ ಸಂಸ್ಥೆ ಬದುಕಿತು ಎಂದು ಕೆಲವರು ಹೇಳುತ್ತಾರೆ. ಈ ಮಾತಿನಲ್ಲಿ ಹುರುಳಿದೆ. ಪುರಾತತ್ವವನ್ನೂ ಭಾಷಾಶಾಸ್ತ್ರವನ್ನೂ 1911ರಲ್ಲೇ ಶುರುಮಾಡಬೇಕಿತ್ತೆಂದು ನಾನೂ ವಾದಿಸಲಾರೆ. ಆದರೆ ರಸಾಯನದ ಪ್ರಯೋಗಾಲಯಕ್ಕೆ ಬೇಕಾದ ಉಪಕರಣ, ಅನಿಲ, ವಿದ್ಯುತ್ತು ಇವುಗಳ ಖರ್ಚಿನ ಮುಂದೆ ಅರ್ಥಶಾಸ್ತ್ರಕ್ಕೋ ನೀತಿಶಾಸ್ತ್ರಕ್ಕೋ ಒಂದು ಪ್ರಾಧ್ಯಾಪಕ ಪೀಠ, ಒಂದಿಷ್ಟು ಪುಸ್ತಕ, ನಾಲ್ಕಾರು ಸಂಶೋಧನ ವಿದ್ಯಾರ್ಥಿಗಳ ಖರ್ಚು ದೊಡ್ಡದಲ್ಲ. ಹಣದ ಕೊರತೆ ವಿಭಾಗವನ್ನು ಮುಂದೂಡಲು ಕಾರಣವಾಗಬಹುದಿತ್ತು. ಅದನ್ನು ಮರೆಯಲು ಕಾರಣವಾಗಬೇಕಿರಲಿಲ್ಲ. ಬಡದೇಶಕ್ಕೆ ಮೊದಲು ಅನ್ನ, ಆಮೇಲೆ ತತ್ವಶಾಸ್ತ್ರ ಎಂಬ ವಾದಕ್ಕಂತೂ ಮೈಸೂರಿನ ಚರಿತ್ರೆಯೇ ಉತ್ತರ ಕೊಡುತ್ತದೆ. ಕೈಗಾರಿಕೆಯ ವಿಷಯದಲ್ಲಿ ವಿಶ್ವೇಶ್ವರಯ್ಯನವರಷ್ಟು ಆತುರವಿದ್ದವರು ಆ ಕಾಲದಲ್ಲಿ ವಿರಳ. ಅವರ ದಿವಾನಗಿರಿಯಲ್ಲೇ 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರ ಜುಲೈಯಲ್ಲಿ ಮೈಸೂರು ವಿಶ್ವವಿದ್ಯಾಲಯ, 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಹುಟ್ಟಿದವು. ಗಂಧದೆಣ್ಣೆಯ ಕಾರ್ಖಾನೆ ಎದ್ದ ವರ್ಷವೇ ವಿಶ್ವವಿದ್ಯಾಲಯವೂ ಎದ್ದಿತು. 1918ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿಗೆ ತತ್ವಶಾಸ್ತ್ರ ಹೇಳಲು ಬಂದ ಯುವಕ ಸರ್ವೇಪಲ್ಲಿ ರಾಧಾಕೃಷ್ಣನ್; 1921ರಲ್ಲಿ ವಿಶ್ವವಿದ್ಯಾಲಯದ ಉಪಕುಲಪತಿಯಾಗಿ ಬಂದವರು ತತ್ವಜ್ಞಾನಿ ಬ್ರಜೇಂದ್ರನಾಥ ಸೀಲ್. ಸಂಸ್ಥಾನದ ದೃಷ್ಟಿಯಲ್ಲಿ ಎರಡಕ್ಕೂ ಜಾಗವಿತ್ತು. ಕೊರತೆಯಿದ್ದದ್ದು ಎರಡೂ ಒಂದೇ ಆವರಣದಲ್ಲಿ ಮುಖಾಮುಖಿಯಾಗುವ ಅವಕಾಶಕ್ಕೆ. ತತ್ವಶಾಸ್ತ್ರ ಮೈಸೂರಿನಲ್ಲಿ, ರಸಾಯನ ಬೆಂಗಳೂರಿನಲ್ಲಿ. ನಡುವೆ ಒಂದು ರೈಲುದಾರಿಯ ದೂರ.

ಕಾಲು ಶತಮಾನದ ಬಳಿಕ ಜಗತ್ತು ಜ್ಞಾನ ಯಾವುದಕ್ಕಾಗಿ ಎಂಬ ಪ್ರಶ್ನೆಯನ್ನು ಭಯದಿಂದ ಕೇಳಿಕೊಳ್ಳಬೇಕಾಯಿತು. ಹಿರೋಷಿಮಾದ ಬಳಿಕ ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆ, ಅಂದರೆ ಎಂಐಟಿ, ತನ್ನ ಶಿಕ್ಷಣಕ್ರಮವನ್ನು ಪರಿಶೀಲಿಸಲು ಸಮಿತಿಯೊಂದನ್ನು ಮಾಡಿತು. ಅದರ ಅಧ್ಯಕ್ಷ ವಾರೆನ್ ಲೂಯಿಸ್ ರಾಸಾಯನಿಕ ಎಂಜಿನಿಯರು. ಮಾನವಿಕ ಮತ್ತು ಸಮಾಜ ವಿಜ್ಞಾನಗಳಿಗೆ ಸಂಸ್ಥೆಯೊಳಗೆ ಸರಿಸಮಾನವಾದ ಶಾಲೆ ಬೇಕು ಎಂದು 1949ರಲ್ಲಿ ಆ ಸಮಿತಿ ಹೇಳಿತು. ಮರುವರ್ಷ ಅದು ಸ್ಥಾಪನೆಯಾಯಿತು. ಟಾಟಾ ಕರಡು ಐವತ್ತು ವರ್ಷ ಮೊದಲೇ ಕೇಳಿದ್ದು ಅದನ್ನೇ ಅಲ್ಲವೇ? ನಮ್ಮ ಐಐಟಿಗಳ ಕಲ್ಪನೆಗೆ ಎಂಐಟಿ ಮಾದರಿಯಾಯಿತು. 1951ರಲ್ಲಿ ಮೊದಲ ಐಐಟಿ ಖರಗ್‌ಪುರದ ಹಿಜ್ಲಿಯಲ್ಲಿ ಶುರುವಾದದ್ದು ಬ್ರಿಟಿಷರು ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕಿದ್ದ ಬಂದೀಖಾನೆಯ ಕಟ್ಟಡದಲ್ಲಿ.  ಆ ಐಐಟಿಯ ಮೊದಲ ನಿರ್ದೇಶಕ ಜ್ಞಾನಚಂದ್ರ ಘೋಷ್, 1939ರಿಂದ 1948ರವರೆಗೆ ಬೆಂಗಳೂರಿನ ಸಂಸ್ಥೆಯನ್ನು ನಡೆಸಿದವರು. ಅವರ ಕಾಲದ ಕೊನೆಗೆ ಬೆಂಗಳೂರಿನಲ್ಲಿ ಅರ್ಥಶಾಸ್ತ್ರ ಮತ್ತು ಸಮಾಜ ವಿಜ್ಞಾನಕ್ಕೆ ಒಂದು ವಿಭಾಗ ಹುಟ್ಟಿತು. ಮೂರನೆಯ ವಿಭಾಗದ ಒಂದು ತುಂಡು ಅರ್ಧ ಶತಮಾನದ ಬಳಿಕ ಮನೆಗೆ ಮರಳಿತ್ತು. ಅದು ಮುಂದೆ ಮ್ಯಾನೇಜ್‌ಮೆಂಟ್ ಅಧ್ಯಯನದ ವಿಭಾಗವಾಗಿ ಬದಲಾದದ್ದು ನಮ್ಮ ಆದ್ಯತೆಗಳನ್ನು ತಿಳಿಸುತ್ತದೆ.

ಅದೇ ಹೊತ್ತಿಗೆ ಸ್ವತಂತ್ರ ಭಾರತ ತನ್ನ ವಿಶ್ವವಿದ್ಯಾಲಯಗಳ ಗುರಿ ಏನೆಂದು ಕೇಳಲು 1948ರಲ್ಲಿ ರಾಧಾಕೃಷ್ಣನ್ ಅಧ್ಯಕ್ಷತೆಯ ಆಯೋಗವನ್ನು ನೇಮಿಸಿತು. ಜಾಕಿರ್ ಹುಸೇನ್, ಮೇಘನಾದ ಸಾಹಾ, ಲಕ್ಷ್ಮಣಸ್ವಾಮಿ ಮುದಲಿಯಾರ್ ಅದರಲ್ಲಿದ್ದರು. ಅಮೆರಿಕದ ಟೆನೆಸೀ ಕಣಿವೆಯ ಅಣೆಕಟ್ಟುಗಳ ಯೋಜನೆಯನ್ನು ನಡೆಸಿದ್ದ ಎಂಜಿನಿಯರ್ ಆರ್ಥರ್ ಮಾರ್ಗನ್ ಕೂಡ ಇದ್ದರು. 1949ರ ಅದರ ವರದಿ ಮಾಹಿತಿಗೂ ವಿವೇಕಕ್ಕೂ ಇರುವ ಅಂತರವನ್ನು ಮನಮುಟ್ಟುವಂತೆ ಚರ್ಚಿಸಿತು. ಆದರೆ ಪರಿಹಾರದ ಮಾತು ಬಂದಾಗ ಅದು ಸೂಚಿಸಿದ್ದೇನು? ದಿನದ ಆರಂಭಕ್ಕೆ ಕೆಲ ಹೊತ್ತು ಮೌನಧ್ಯಾನ. ಪದವಿಯ ಮೊದಲ ವರ್ಷ ಧರ್ಮಪುರುಷರ ಜೀವನ ಚರಿತ್ರೆ, ಎರಡನೆಯ ವರ್ಷ ಧರ್ಮಗ್ರಂಥಗಳ ಆಯ್ದ ಭಾಗ, ಮೂರನೆಯ ವರ್ಷ ಧರ್ಮದ ತತ್ವಶಾಸ್ತ್ರ. ಆಯೋಗದ ಆಶಯ ದೊಡ್ಡದು, ರಾಧಾಕೃಷ್ಣನ್ ವಿದ್ವತ್ತು ಪ್ರಶ್ನಾತೀತ. ಆದರೂ ಇಲ್ಲಿ ಒಂದು ತಿರುವು ತಪ್ಪಿತು ಎಂದೇ ನಾನು ತಿಳಿಯುತ್ತೇನೆ. 1898ರ ಕರಡಿನಲ್ಲಿ ನೀತಿಶಾಸ್ತ್ರವು ರಸಾಯನದಂತೆಯೇ ಸಂಶೋಧಿಸಿ ಬೆಳೆಸಬೇಕಾದ ವಿದ್ಯೆ. ಅದರ ಪಕ್ಕದಲ್ಲಿ ಇದ್ದದ್ದು ಅರ್ಥಶಾಸ್ತ್ರ, ಅಂಕಿಅಂಶ, ಇತಿಹಾಸ. 1949ರಲ್ಲಿ ಅದು ಎಲ್ಲರಿಗೂ ಉಣಬಡಿಸುವ ಸಿದ್ಧಬೋಧೆಯಾಯಿತು, ಅದರ ಪಕ್ಕದಲ್ಲಿ ಧರ್ಮಗ್ರಂಥ ಬಂತು. 1959ರಲ್ಲಿ ಶ್ರೀಪ್ರಕಾಶ ಸಮಿತಿ ಬಂದದ್ದೂ ಧಾರ್ಮಿಕ ಮತ್ತು ನೈತಿಕ ಬೋಧನೆಯ ಹೆಸರಿನಲ್ಲೇ. ಎಂಜಿನಿಯರ್ ತನ್ನ ಕೆಲಸದ ನಡುವೆ ಎದುರಿಸುವ ಪ್ರಶ್ನೆಗೂ ಈ ಬೋಧನೆಗೂ ಸಂಬಂಧ ಕಲ್ಪಿಸುವ ಕೆಲಸ ಯಾರಿಗೂ ಸೇರದೆ ಉಳಿಯಿತು.

ಮೌಲ್ಯಗಳು ಮನೆಯಲ್ಲಿ, ಮಠಮಂದಿರಗಳಲ್ಲಿ, ನೆರೆಹೊರೆಯಲ್ಲಿ ಬರುವಂಥವು, ಇಪ್ಪತ್ತು ದಾಟಿದವರಿಗೆ ಕಾಲೇಜಿನಲ್ಲಿ ಕಲಿಸಲು ಬಾರದು ಎಂಬ ಆಕ್ಷೇಪ ಇಲ್ಲೇ ಹುಟ್ಟುತ್ತದೆ. ಸುಳ್ಳು ಹೇಳಬೇಡ, ಕದಿಯಬೇಡ ಎಂಬಷ್ಟೇ ಮೌಲ್ಯವಾದರೆ ಆಕ್ಷೇಪ ಸರಿ. ಆದರೆ ಅಣೆಕಟ್ಟಿನ ಎತ್ತರ ಹತ್ತು ಅಡಿ ಹೆಚ್ಚಿದರೆ ಮುಳುಗುವ ಊರಿನವರ ನಷ್ಟವನ್ನೂ ನೀರು ಪಡೆಯುವ ಊರಿನವರ ಲಾಭವನ್ನೂ ಹೇಗೆ ತೂಗಬೇಕು ಎಂಬುದನ್ನು ಯಾವ ಮನೆಯಲ್ಲಿ ಕಲಿಸುತ್ತಾರೆ? ಸಾಲ ಕೊಡುವುದನ್ನೂ ನೌಕರಿಗೆ ಆರಿಸುವುದನ್ನೂ ಕಂಪ್ಯೂಟರಿಗೆ ಒಪ್ಪಿಸಿದಾಗ, ಅದರ ತಪ್ಪು ತೀರ್ಮಾನಕ್ಕೆ ಹೊಣೆ ಯಾರದು ಎಂಬುದು ಯಾವ ಅಜ್ಜಿಯ ಕಥೆಯಲ್ಲಿದೆ? ಇವು ಓದಿ, ಲೆಕ್ಕ ಹಾಕಿ, ವಾದಿಸಿ ಕಲಿಯಬೇಕಾದ ವಿಷಯಗಳು. ಇವಕ್ಕೆ ಒಳ್ಳೆಯ ಹೃದಯ ಬೇಕು. ಅದರ ಜತೆಗೆ ಇತಿಹಾಸ, ಅರ್ಥಶಾಸ್ತ್ರ, ಕಾನೂನು, ತರ್ಕ ಎಲ್ಲವೂ ಬೇಕು. ಟಾಟಾ ಕರಡು ನೀತಿಶಾಸ್ತ್ರ, ಇತಿಹಾಸ, ಅರ್ಥಶಾಸ್ತ್ರಗಳನ್ನು ಒಂದೇ ವಿಭಾಗದಲ್ಲಿ ಒಟ್ಟಿಗೆ ಇಟ್ಟದ್ದರಲ್ಲಿ ಅರ್ಥವಿತ್ತು.

ಹೀಗೆ ಕಲಿತ ತಂತ್ರಜ್ಞಾನ ಹೇಗಿರುತ್ತದೆ ಎಂಬುದಕ್ಕೆ ಬೆಂಗಳೂರಿನ ಅದೇ ಟಾಟಾ ಸಂಸ್ಥೆಯ ಒಂದು ಉದಾಹರಣೆ ಕಣ್ಣೆದುರಿಗಿದೆ. ಸತೀಶ್ ಧವನ್ ನಿರ್ದೇಶಕರಾಗಿದ್ದಾಗ, 1974ರಲ್ಲಿ, ಪ್ರೊಫೆಸರ್ ಅಮೂಲ್ಯ ರೆಡ್ಡಿ ಗ್ರಾಮೀಣ ಪ್ರದೇಶಗಳಿಗೆ ವಿಜ್ಞಾನ ತಂತ್ರಜ್ಞಾನವನ್ನು ಒಯ್ಯುವ ‘ಅಸ್ತ್ರ’ ಎಂಬ ಘಟಕವನ್ನು ಶುರುಮಾಡಿದರು. ರೆಡ್ಡಿ ವಿದ್ಯುತ್ ರಸಾಯನದ ತಜ್ಞರು. ಬಾಕ್ರಿಸ್ ಜತೆಗೂಡಿ ಅವರು ಬರೆದ ಆ ವಿಷಯದ ಗ್ರಂಥ ಜಗತ್ತಿನ ನಾನಾ ಕಡೆ ಪಠ್ಯವಾಗಿತ್ತು. ಅಂಥವರು ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರ, ಪುರ ಮೊದಲಾದ ಹಳ್ಳಿಗಳಲ್ಲಿ ಸೌದೆಯ ಲೆಕ್ಕ ಹಾಕಲು ಕೂತರು. ಹಳ್ಳಿಯಲ್ಲಿ ಬಳಕೆಯಾಗುವ ಶಕ್ತಿಯ ದೊಡ್ಡ ಪಾಲು ಅಡುಗೆ ಒಲೆಯದು ಎಂದು ಆ ಲೆಕ್ಕ ತಿಳಿಸಿತು. ಆ ಸೌದೆ ಹೊತ್ತು ತರುವವರು ಬಹುಮಟ್ಟಿಗೆ ಹೆಂಗಸರು ಮಕ್ಕಳು, ಅದರ ಹೊಗೆ ಕುಡಿಯುವವರೂ ಅವರೇ. ದೇಶದ ಇಂಧನದ ಅಂಕಿಅಂಶಗಳಲ್ಲಿ ಕಲ್ಲಿದ್ದಲು, ಪೆಟ್ರೋಲು, ವಿದ್ಯುತ್ತು ಇದ್ದವು. ಈ ಹೆಂಗಸರ ದುಡಿಮೆ ಇರಲಿಲ್ಲ. ಅಸ್ತ್ರ ಒಲೆ ಹುಟ್ಟಿದ್ದು ಈ ಲೆಕ್ಕದಿಂದ. ಮಣ್ಣಿನಲ್ಲಿ ಕಟ್ಟಿದ ಮೈ, ಸೌದೆ ಉರಿಯಲು ಮುಚ್ಚಿದ ಗೂಡು, ಗಾಳಿಗೆ ಕೆಳಗೆ ಜಾಲರಿ, ಒಂದೇ ಉರಿಗೆ ಮೂರು ಪಾತ್ರೆ, ಹೊಗೆ ಹೊರಹೋಗಲು ಕೊಳವೆ. ಉಷ್ಣ ವರ್ಗಾವಣೆಯ ಸೂತ್ರಗಳು ಗೊತ್ತಿದ್ದರೆ ಇಂಥ ಒಲೆ ಮಾಡಬಹುದು; ಆದರೆ ಕುಣಿಗಲ್ ಸೀಮೆಯ ಅಡುಗೆಮನೆಯಲ್ಲಿ ರಾಗಿ ಮುದ್ದೆ ತೊಳಸುವಾಗ ಪಾತ್ರೆ ಅಲುಗಾಡಬಾರದು ಎಂಬುದು ಆ ಸೂತ್ರಗಳಲ್ಲಿ ಸಿಗುವುದಿಲ್ಲ.

ಪುರದ ಗೋಬರ್ ಗ್ಯಾಸಿನ ಪ್ರಯೋಗ ಇನ್ನೂ ಹೆಚ್ಚು ಕಲಿಸುತ್ತದೆ. ಊರಿನ ಸಗಣಿಯಿಂದ ಎಲ್ಲರ ಅಡುಗೆಗೂ ಅನಿಲ ಒದಗಿಸುವುದು ಮೊದಲ ಆಲೋಚನೆಯಾಗಿತ್ತು. ಸಗಣಿ ಅಷ್ಟಕ್ಕೆ ಸಾಲಲಿಲ್ಲ. ಆಗ ಅದೇ ಅನಿಲದಿಂದ ಎಂಜಿನ್ ಓಡಿಸಿ, ವಿದ್ಯುತ್ತು ತೆಗೆದು, ಕೊಳವೆಬಾವಿಯ ಕುಡಿಯುವ ನೀರನ್ನೂ ಮನೆಗಳಿಗೆ ದೀಪವನ್ನೂ ಕೊಡುವ ವ್ಯವಸ್ಥೆ 1980ರ ದಶಕದ ಕೊನೆಗೆ ನೆಲೆಗೊಂಡಿತು. ಸಗಣಿ ಹೊತ್ತು ತಂದವರಿಗೆ ಅನಿಲ ತೆಗೆದ ಬಳಿಕದ ಬಗ್ಗಡ ಗೊಬ್ಬರವಾಗಿ ವಾಪಸು ಸಿಗುತ್ತಿತ್ತು, ತಂದ ಕೂಲಿಗೆ ಸಣ್ಣ ಮೊತ್ತವೂ ಸಿಗುತ್ತಿತ್ತು. ದನ ಹೆಚ್ಚಿದ್ದವನಿಗೂ ದನವೇ ಇಲ್ಲದವನಿಗೂ ಒಂದೇ ನಲ್ಲಿಯ ನೀರು. ಯಂತ್ರವನ್ನು ಕೂಡಿಸುವುದಕ್ಕಿಂತ ಈ ನ್ಯಾಯವನ್ನು ಕೂಡಿಸುವುದು ಕಷ್ಟದ ಕೆಲಸ, ಮತ್ತು ಅದು ಎಂಜಿನಿಯರಿಂಗಿನ ಹೊರಗಿನ ಕೆಲಸವೂ ಅಲ್ಲ. ಊರವರು ಒಪ್ಪದಿದ್ದರೆ ಸಗಣಿ ಬರುವುದಿಲ್ಲ. ಸಗಣಿ ಬಾರದಿದ್ದರೆ ಎಂಜಿನ್ ನಿಲ್ಲುತ್ತದೆ.

ನೀತಿಶಾಸ್ತ್ರದ ವಿಭಾಗವೇ ಇಲ್ಲದ ಸಂಸ್ಥೆಯಲ್ಲಿ ಒಬ್ಬ ರಸಾಯನಶಾಸ್ತ್ರಜ್ಞ ಇದನ್ನೆಲ್ಲ ಮಾಡಿದನಲ್ಲ, ಹಾಗಾದರೆ ಮೂರನೆಯ ವಿಭಾಗ ಏಕೆ ಬೇಕಿತ್ತು ಎಂದು ಯಾರಾದರೂ ಕೇಳಬಹುದು. ನನ್ನ ವಾದಕ್ಕೆ ಎದುರಾಗುವ ಅತ್ಯಂತ ಬಲವಾದ ಪ್ರಶ್ನೆ ಇದು. ಅಮೂಲ್ಯ ರೆಡ್ಡಿಯಂಥವರು ವಿಭಾಗಗಳಿಂದ ತಯಾರಾಗುವುದಿಲ್ಲ, ನಿಜ. ಆದರೆ ಅವರ ಕೆಲಸ ನಡೆದದ್ದು ಧವನ್ ಅವರಂಥ ನಿರ್ದೇಶಕರು ಬೆನ್ನಿಗೆ ನಿಂತದ್ದರಿಂದ. ಒಬ್ಬ ಪ್ರಾಧ್ಯಾಪಕನ ಅಂತಃಕರಣ ಮತ್ತು ಒಬ್ಬ ನಿರ್ದೇಶಕನ ಔದಾರ್ಯ ಒಂದೇ ಕಾಲಕ್ಕೆ ಒಂದೇ ಜಾಗದಲ್ಲಿ ಕೂಡಿಬರುವುದು ಅದೃಷ್ಟ. ವಿದ್ಯಾಸಂಸ್ಥೆಯನ್ನು ಕಟ್ಟುವುದೇ ಅಂಥ ಅದೃಷ್ಟವನ್ನು ನೆಚ್ಚಿಕೊಳ್ಳದೆ, ಒಳ್ಳೆಯದನ್ನು ತಲೆಮಾರಿನಿಂದ ತಲೆಮಾರಿಗೆ ದಾಟಿಸಲಿಕ್ಕೆ. ಒಲೆಯ ಕುರಿತು ಪಿಎಚ್‌.ಡಿ. ಮಾಡುವವನ ಪ್ರಬಂಧವನ್ನು ಉಷ್ಣಶಾಸ್ತ್ರದ ಪ್ರಾಧ್ಯಾಪಕರ ಜತೆ ಒಬ್ಬ ಅರ್ಥಶಾಸ್ತ್ರಜ್ಞೆ, ಒಬ್ಬ ಸಮಾಜಶಾಸ್ತ್ರಜ್ಞ ಕೂತು ಪರೀಕ್ಷಿಸುವ ಪದ್ಧತಿ ಇದ್ದಿದ್ದರೆ ಅಸ್ತ್ರದಂಥ ಕೆಲಸ ಸಂಸ್ಥೆಯ ಮೂಲೆಯಲ್ಲಿ ಉಳಿಯದೆ ನಡುಮನೆಗೆ ಬರುತ್ತಿತ್ತು.

ಕಳಚಿದ ವಿಭಾಗ ಚೂರುಚೂರಾಗಿ ಮರಳಿ ಬಂದಿದೆ ಎಂಬುದನ್ನೂ ಹೇಳಬೇಕು. 1988ರಲ್ಲಿ ಜೆ. ಆರ್. ಡಿ. ಟಾಟಾ ಅವರ ಕಲ್ಪನೆಯಂತೆ, ತುಮಕೂರಿನಲ್ಲಿ ಹುಟ್ಟಿದ ಭೌತವಿಜ್ಞಾನಿ ರಾಜಾ ರಾಮಣ್ಣ ಮೊದಲ ನಿರ್ದೇಶಕರಾಗಿ, ಅದೇ ಆವರಣದಲ್ಲಿ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ ಶುರುವಾಯಿತು. ವಿಜ್ಞಾನ, ಸಮಾಜ ವಿಜ್ಞಾನ, ಮಾನವಿಕಗಳನ್ನು ಒಂದೆಡೆ ತರುವುದೇ ಅದರ ಗುರಿ. 2004ರಲ್ಲಿ ಜೀವವಿಜ್ಞಾನಿ ರಾಘವೇಂದ್ರ ಗದಗಕರ್ ಸಮಕಾಲೀನ ಅಧ್ಯಯನ ಕೇಂದ್ರವನ್ನು ಸಂಸ್ಥೆಯೊಳಗೆ ಕಟ್ಟಿದರು. 2011ರಲ್ಲಿ ಶುರುವಾದ ನಾಲ್ಕು ವರ್ಷದ ಪದವಿಯಲ್ಲಿ ಮಾನವಿಕ ವಿಷಯಗಳಿಗೂ ಜಾಗ ಸಿಕ್ಕಿತು. ಇವು ಸಂತೋಷದ ಸಂಗತಿಗಳು. ಆದರೆ ನಮ್ಮ ನಾಡಿನ ಸಾಮಾನ್ಯ ಎಂಜಿನಿಯರಿಂಗ್ ವಿದ್ಯಾರ್ಥಿ ಓದುವುದು ಅಲ್ಲಿಯಲ್ಲ. ವಿಶ್ವೇಶ್ವರಯ್ಯನವರ ಹೆಸರನ್ನೇ ಹೊತ್ತ ತಾಂತ್ರಿಕ ವಿಶ್ವವಿದ್ಯಾಲಯದ 2018ರ ಪಠ್ಯಕ್ರಮದಲ್ಲಿ ಭಾರತದ ಸಂವಿಧಾನ, ವೃತ್ತಿನೀತಿ ಮತ್ತು ಸೈಬರ್ ಕಾನೂನು ಇವು ಮೂರೂ ಸೇರಿ ಒಂದೇ ವಿಷಯವಾಗಿತ್ತು, ಅದಕ್ಕೆ ಒಂದೇ ಕ್ರೆಡಿಟ್ಟು ಇತ್ತು. ಎಲೆಯ ತುದಿಗೆ ಬಡಿಸಿದ ಉಪ್ಪಿನಕಾಯಿಯಂತೆ ಅದು ರುಚಿಗಷ್ಟೇ; ಅದರಿಂದ ಹೊಟ್ಟೆ ತುಂಬೀತೆಂದು ಬಡಿಸಿದವರೂ ನಂಬಿರಲಿಲ್ಲ.

ಪಠ್ಯಕ್ರಮ ಬರೆಯುವ ಸಮಿತಿಗಳಲ್ಲಿ ಕೂರುವ ಪ್ರಾಧ್ಯಾಪಕರಲ್ಲಿ, ಹೊಸ ಹೊಸ ತಾಂತ್ರಿಕ ಸಂಸ್ಥೆಗಳಿಗೆ ನೆಲ ಹಣ ಮಂಜೂರು ಮಾಡುವ ಸರ್ಕಾರದಲ್ಲಿ ಕೇಳಬೇಕಾದದ್ದು ಇನ್ನೊಂದು ಕ್ರೆಡಿಟ್ಟನ್ನಲ್ಲ, ಇನ್ನೊಂದು ಉಪನ್ಯಾಸ ಮಾಲೆಯನ್ನೂ ಅಲ್ಲ. ಪ್ರತಿ ಎಂಜಿನಿಯರಿಂಗ್ ಕಾಲೇಜಿನಲ್ಲೂ ನೀತಿಶಾಸ್ತ್ರ, ಅರ್ಥಶಾಸ್ತ್ರ, ತಂತ್ರಜ್ಞಾನದ ಇತಿಹಾಸ ಬಲ್ಲ ಪೂರ್ಣಾವಧಿ ಅಧ್ಯಾಪಕರನ್ನು ನೇಮಿಸಿ. ಅವರಿಗೆ ಸಂಶೋಧನ ವಿದ್ಯಾರ್ಥಿಗಳನ್ನು ಕೊಡಿ. ಕೊನೆಯ ವರ್ಷದ ಪ್ರಾಜೆಕ್ಟುಗಳನ್ನು ಪರೀಕ್ಷಿಸುವ ಮೇಜಿನಲ್ಲಿ ಅವರಿಗೂ ಒಂದು ಕುರ್ಚಿ ಹಾಕಿ, ಅಂಕ ಕೊಡುವ ಅಧಿಕಾರವನ್ನೂ ಕೊಡಿ.